ದೇವೀರಮ್ಮನ ಎಮ್ಮೆಯೂ ಮರಿಸ್ವಾಮಿಯ ಹಣಕಾಸಿನ ಪಾಠವೂ

ತಪ್ಪು ಮೇಷ್ಟರದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಡುಗ ಎದುರಿಗೆ ಕೂತಿದ್ದಾನೆ ಎಂದು ಗೊತ್ತಿದ್ದೂ ಅವನಿಗೆ ಕಂಪನಿ ನಡೆಸುವ ಪಾಠ ಹೇಳಿದರು. ಅವನ ಮನೆಯಲ್ಲಿದ್ದದ್ದು ಕಂಪನಿಯಲ್ಲ, ಒಂದು ಎಮ್ಮೆ.

ಹುಡುಗನ ಹೆಸರು ಮರಿಸ್ವಾಮಿ. ವಿಶ್ವವಿದ್ಯಾಲಯದ ಹಿಂದಿನ ಕೇರಿಯಲ್ಲಿ ಮನೆ. ಮನೆಯಲ್ಲಿ ಅವನು, ಅವನ ಅವ್ವ ದೇವೀರಮ್ಮ, ಎಮ್ಮೆ, ಎಮ್ಮೆಗೊಂದು ಕರು. ಹಾಲು ಹಾಸ್ಟೆಲಿಗೆ ಹೋಗುತ್ತಿತ್ತು, ಹಾಲಿನ ದುಡ್ಡಲ್ಲಿ ಒಲೆ ಉರಿಯುತ್ತಿತ್ತು. ಎಮ್ಮೆ ಇದ್ದರೆ ಅನ್ನ, ಇಲ್ಲದಿದ್ದರೆ ಇಲ್ಲ.

"ನೀರು ಸೇದು ಅಂದ್ರೆ ಬಾವಿ ಬತ್ತೋಗಗಂಟ ಸೇದ್ತಾನೆ! ಇವನ್ನ ಕಟ್ಕೊಂಡು ನಾನೆಂಗೆ ಬಾಳ್ಲಿ ಸಿವನೇ!" ಎಂದು ದೇವೀರಮ್ಮ ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು. ಓದಿದರೆ ಬುದ್ಧಿ ಬಂದೀತು ಎಂದು ಅವನನ್ನು ಅದೇ ವಿಶ್ವವಿದ್ಯಾಲಯಕ್ಕೆ ಹಣಕಾಸು ಓದಲು ಕಳಿಸಿದಳು.

"ಮೇಷ್ಟ್ರು ಹೇಳ್ದಂಗೆ ಮಾಡು ಮಗಾ."

"ಹೂಂ ಅವ್ವ."

ಮೊದಲ ದಿನ ಮೇಷ್ಟರು ಹೇಳಿದರು: "ಬಂಡವಾಳ ಸುಮ್ಮನೆ ಬಿದ್ದಿರಬಾರದು. ಸದಾ ದುಡಿಯುತ್ತಿರಬೇಕು."

ಮರಿಸ್ವಾಮಿ ಬರೆದುಕೊಂಡ. ಮನೆಗೆ ಬಂದ. ನಮ್ಮ ಬಂಡವಾಳ ಯಾವುದು? ಎಮ್ಮೆ. ಎಮ್ಮೆ ಏನು ಮಾಡುತ್ತಿದೆ? ನೆರಳಲ್ಲಿ ಬಿದ್ದುಕೊಂಡು ಮೆಲುಕು ಹಾಕುತ್ತಿದೆ!

"ಏಳು, ದುಡಿ!"

ಎಬ್ಬಿಸಿದ. ಮಲಗಿತು. ಎಬ್ಬಿಸಿದ. ಮಲಗಿತು. ಹೊತ್ತು ಇಳಿಯುವವರೆಗೂ ಎಬ್ಬಿಸಿದ. ಸಂಜೆ ಕರೆದರೆ ಅರ್ಧಕ್ಕರ್ಧ ಹಾಲಿಲ್ಲ.

"ಮೆಲುಕು ಹಾಕಕ್ಕೆ ಬಿಡ್ದಿದ್ರೆ ಹಾಲೆಲ್ಲಿಂದ ಬತ್ತದೋ ಪೆದ್ದ ಮುಂಡೇದೆ! ಹೋಗು, ಮೇಷ್ಟ್ರನ್ನ ಸರಿಯಾಗಿ ಕೇಳ್ಕಂಡು ಬಾ!"

ಮಾರನೆಯ ದಿನ ಕೇಳಿದ. ಇಡೀ ತರಗತಿ ನಕ್ಕಿತು. ಮೇಷ್ಟರೂ ನಕ್ಕರು.

"ಆದಾಯ ಇಳಿದರೆ ಖರ್ಚು ಕತ್ತರಿಸಬೇಕಯ್ಯ! ಏನೂ ಕೊಡದೆ ಬರೀ ತಿನ್ನೋರನ್ನು ಮೊದಲು ಹೊರಗೆ ಹಾಕಬೇಕು."

ಬರೆದುಕೊಂಡ. ಮನೆಗೆ ಬಂದ. ಏನೂ ಕೊಡದೆ ಕುಡಿಯುವುದು ಯಾವುದು? ಕರು! ಹಗ್ಗ ಬಿಚ್ಚಿ ರಸ್ತೆಗೆ ಎಳೆದುಕೊಂಡು ಹೋಗಿ ಯಾವನೋ ಲಾರಿಯವನಿಗೆ ಕೊಟ್ಟು ಬಂದ.

ಬೆಳಿಗ್ಗೆ ಎಮ್ಮೆ ಅರಚಿತು. ಒದೆಯಿತು. ಕರು ಬಾಯಿ ಹಾಕದೆ ಅದು ಹಾಲು ಇಳಿಸುವುದಿಲ್ಲ. ದೇವೀರಮ್ಮ ಹಿಂಡಿ ಕಲಸಿಟ್ಟಳು, ಮೈ ಸವರಿದಳು, ಬೇಡಿಕೊಂಡಳು. ತೊಟ್ಟು ಹಾಲಿಲ್ಲ.

"ಅದು ಬರೀ ಕುಡೀತಿತ್ತು ಅವ್ವ!"

"ಅದು ಕುಡುದ್ರೇನೆ ನಮಗೂ ಸಿಗೋದು ಕಣ್ಲಾ!"

ಮೂರು ದಿನ ಹಾಸ್ಟೆಲಿಗೆ ಹಾಲು ಹೋಗಲಿಲ್ಲ. ನಾಲ್ಕನೆಯ ದಿನ ಹಾಸ್ಟೆಲಿನವರು ಬೇರೆಯವರ ಹಾಲು ಹಾಕಿಸಿಕೊಂಡರು. ಮರಿಸ್ವಾಮಿ ಮತ್ತೆ ಮೇಷ್ಟರ ಮುಂದೆ ನಿಂತ.

"ಅಯ್ಯೋ ದಡ್ಡ! ಹೋದದ್ದಕ್ಕೆ ಅಳಬಾರದು. ಆದಾಯ ತರದ ಆಸ್ತಿ ಮಾರಿಬಿಡಬೇಕು. ನೆನಪಿಟ್ಟುಕೋ, ಇವತ್ತಿನ ರೂಪಾಯಿ ನಾಳಿನ ರೂಪಾಯಿಗಿಂತ ದೊಡ್ಡದು."

ಬರೆದುಕೊಂಡ. ಎಮ್ಮೆ ಹಿಡಿದುಕೊಂಡು ದಲ್ಲಾಳಿಯ ಹತ್ತಿರ ಹೋದ.

"ಮಂಗಳವಾರ ಸಂತೆಗೆ ಹೊಡ್ಕೊಂಡು ಬಾ, ನಲವತ್ತು ಸಾವಿರಕ್ಕೆ ಹೋಯ್ತದೆ. ಇವತ್ತೇ ಬೇಕು ಅಂದ್ರೆ ಹತ್ತು."

"ಇವತ್ತಿನ ಹತ್ತೇ ದೊಡ್ಡದು!"

ದಲ್ಲಾಳಿ ಅವನ ಮುಖ ಒಂದು ಸಲ ನೋಡಿದ. ಬೇಗ ಬೇಗ ಎಣಿಸಿಕೊಟ್ಟ.

ದೇವೀರಮ್ಮ ಹುಲ್ಲಿನ ಹೊರೆ ಹೊತ್ತು ಬಂದರೆ ಗೂಟ ಮಾತ್ರ ಇತ್ತು. ಹೊರೆ ಇಳಿಸಿ ಅದರ ಮೇಲೇ ಕೂತಳು. ಬೈಯಲಿಲ್ಲ. ಎಷ್ಟಕ್ಕೆ ಮಾರಿದೆ ಎಂದು ಮಗನಿಂದ ಕೇಳಿಕೊಂಡು ಅಂದಳು:

"ಹೋಗ್ಲಿ. ಹತ್ತು ಸಾವಿರ ಅದೆಯಲ್ಲ. ಯಾವ್ದಾದ್ರೂ ಸಣ್ಣದೊಂದು ಎಮ್ಮೆ ಕಡಸು ತರಾನ. ದುಡ್ಡೆಲ್ಲಿ?"

"ಜೋಬಲ್ಲಿ ಭದ್ರವಾಗಿ ಅದೆ. ಏನ್ ಮಾಡ್ಬೇಕು ಅಂತ ಮೇಷ್ಟ್ರನ್ನ ಕೇಳ್ಕಂಡು ಬತ್ತೀನಿ."

"ಬ್ಯಾಡ ಕಣ್ಲಾ! ಕೇಳ್ಬ್ಯಾಡ!"

ಅವನಾಗಲೇ ಓಡಿದ್ದ.

ಮೇಷ್ಟರಿಗೆ ಅವಸರ. ಮೆಟ್ಟಿಲು ಇಳಿಯುತ್ತಲೇ ಹೇಳಿದರು: "ಖರ್ಚು ಕಳೆದು ಮಿಕ್ಕಿದ್ದೆಲ್ಲ ಮಾಲೀಕನದು. ಬಂಡವಾಳ ಹಾಕಿದವನೇ ಮಾಲೀಕ. ಕಂಪನಿ ಇರೋದೇ ಅವನಿಗಾಗಿ. ಇಷ್ಟೂ ಗೊತ್ತಿಲ್ಲವೇನಯ್ಯ!"

ಮುಸ್ಸಂಜೆಗೆ ಮರಿಸ್ವಾಮಿ ಮನೆಗೆ ಬಂದ. ತಲೆತುಂಬ ಬೂದಿ.

"ದುಡ್ಡೆಲ್ಲಿ ಮಗಾ?"

"ಮಾಲೀಕನಿಗೆ ಕಳಿಸ್ದೆ."

"ಯಾವ ಮಾಲೀಕನ್ಲಾ?"

"ಅಪ್ಪ. ನಾಲ್ಕು ವರ್ಸದ ಹಿಂದೆ ಎಮ್ಮೆಗೆ ದುಡ್ಡು ಹಾಕಿದ್ದು ಅಪ್ಪ ತಾನೆ?"

"ನಿಮ್ಮಪ್ಪ ಸತ್ತು ಮೂರ್ ವರ್ಸ ಆಯ್ತಲ್ಲೋ!"

"ಅದಕ್ಕೇ ಸುಡುಗಾಡಿಗೆ ಹೋಗಿದ್ದೆ ಅವ್ವ. ಯಾರೋ ಒಬ್ರು ಅಜ್ಜ, ಅಪ್ಪ ಇರೋ ಕಡೆಗೇ ಹೊರಟಿದ್ರು. ಚಿತೆ ಚೆನ್ನಾಗಿ ಉರೀತಿತ್ತು. ಅವರ ಜೊತೇಲೇ ಕೊಟ್ಟು ಕಳಿಸ್ದೆ. ಒಂದ್ ರೂಪಾಯೀನೂ ಇಟ್ಕಳ್ಲಿಲ್ಲ."

ದೇವೀರಮ್ಮ ಖಾಲಿ ಗೂಟದ ಕಡೆ ಕೈ ತೋರಿಸಿದಳು. ಕೇಳಿದಳು:

"ನಾಲ್ಕು ವರ್ಸ ಸಗಣಿ ಬಾಚಿದ್ದು ನಾನಲ್ವೇನ್ಲಾ? ನಂದೇನೂ ಇಲ್ವಾ?"

"ಹುಡುಕ್ದೆ ಅವ್ವ. ಮೇಷ್ಟ್ರ ಪಾಠದ ಪುಸ್ತಕ ಮೂರು ಸಲ ತಿರುವಿ ಹಾಕ್ದೆ. ಸಗಣಿ ಬಾಚೋರ ಮಾತು ಎಲ್ಲೂ ಇಲ್ಲ."

ಓದಿ ನಕ್ಕವರೇ, ಮರಿಸ್ವಾಮಿಯನ್ನು ನೋಡಿ ನಗಬೇಡಿ. ಇದೇ ಪಾಠ ಓದಿದ ಜಾಣರು ಕಾರ್ಖಾನೆಗಳನ್ನು ಹೀಗೇ ನಡೆಸುತ್ತಾರೆ, ಅವರನ್ನು ಯಾರೂ ಪೆದ್ದರು ಅನ್ನುವುದಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಮಕ್ಕಳು ಓದುವ ಕಾಲೇಜಿಗೆ ಹೋಗಿ. ಆ ಪುಸ್ತಕ ತೆರೆಸಿ. ದುಡಿದವಳ ಪಾಲು ಯಾವ ಪುಟದಲ್ಲಿದೆ ಎಂದು ಕೇಳಿ. ತೋರಿಸುವವರೆಗೂ ಅಲ್ಲಿಂದ ಏಳಬೇಡಿ.