ಸುಣ್ಣವಿಲ್ಲದ ಊರಿನ ಕೆಂಪು ಬಾಯಿ

ಹಿಂದೆ ಒಂದು ಕಾಲದಲ್ಲಿ ಗುಲ್ಲಹಳ್ಳಿ ಅಂತ ಒಂದು ಊರಿತ್ತಂತೆ. ನಮ್ಮಜ್ಜಿ ಅದನ್ನು ಪಕ್ಕದೂರು ಅನ್ನುತ್ತಿದ್ದಳು. ಪಕ್ಕದೂರಿನ ಅಜ್ಜಿಯರು ಅದು ನಮ್ಮೂರೇ ಅನ್ನುತ್ತಿದ್ದರಂತೆ. ಕತೆ ಕೇಳಿದ ಮೇಲೆ ನಿಮಗೆ ಯಾರ ಮಾತು ನಿಜ ಅನ್ನಿಸುತ್ತದೋ ಅದನ್ನೇ ಇಟ್ಟುಕೊಳ್ಳಿ. ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆ ಊರಲ್ಲಿ ರಾಜನಿರಲಿಲ್ಲ, ಎಲೆ ತಟ್ಟೆ ಇತ್ತು. ಏನೇ ತೀರ್ಮಾನ ಆಗಬೇಕಾದರೂ ಎಲ್ಲರೂ ಅರಳಿಕಟ್ಟೆಗೆ ಬಂದು ಕೂರಬೇಕು. ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ ಇಟ್ಟು ಒಬ್ಬೊಬ್ಬರ ಮುಂದೆಯೂ ಹಿಡಿಯಬೇಕು. ಒಪ್ಪಿದವರು ಎಲೆ ಹಾಕಿಕೊಳ್ಳುತ್ತಾರೆ, ಒಪ್ಪದವರು ಎಲೆಯನ್ನು ಮಗುಚಿ ತಟ್ಟೆಗೇ ಇಡುತ್ತಾರೆ. ಎಲ್ಲರ ಬಾಯೂ ಕೆಂಪಾದರೆ ಮಾತ್ರ ಅದು ಊರ ಮಾತು. ಒಂದೇ ಒಂದು ಎಲೆ ಮಗುಚಿದರೂ ಮಾತು ಮುಂದಕ್ಕೆ. ಗುಲ್ಲಹಳ್ಳಿಯಲ್ಲಿ ಎಲೆ ಮಗುಚುವವರಿಗೇನು ಬರವೇ? ಅಳಿಯ ಒಪ್ಪಿದ ಅಂತ ಮಾವ ಮಗುಚುತ್ತಿದ್ದ, ಮಾವ ಮಗುಚಿದ ಅಂತ ಬೀಗರೆಲ್ಲ ಮಗುಚುತ್ತಿದ್ದರು.

ತಟ್ಟೆ ಹೊರುವವನು ತಿಪ್ಪಯ್ಯ. ಎಲ್ಲರ ಬಾಯಿ ತೆರೆಸಿ ನೋಡಿ, "ಕೆಂಪೋ ಕೆಂಪು!" ಅಂತ ಕೂಗುವುದೂ ಅವನ ಕೆಲಸವೇ. ಯಾರ ಬಾಯಿಯ ಬಗ್ಗೆಯೂ ತಾನು ಸುಳ್ಳು ಹೇಳಿದವನಲ್ಲ ಅಂತ ಅವನಿಗೆ ಬಹಳ ಜಂಬ. ಆದರೆ ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಿತ್ತು. ಅವನ ಹೆಂಡತಿ ಸಾಕವ್ವ ಹೊಳೆ ದಂಡೆಯ ಸುಣ್ಣದ ಕೇರಿಯವಳು, ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವವರ ಮಗಳು. ಸಂಜೆಯಾದರೆ ಸುಣ್ಣಕ್ಕೆ ಬೆಲ್ಲ ಕಲೆಸಿ ಗಂಡನ ಬೆನ್ನಿಗೆ ಪಟ್ಟು ಹಾಕುತ್ತಿದ್ದಳು.

ಒಂದು ಮಳೆಗಾಲ ಕೆರೆ ಏರಿ ಒಡೆಯಿತಂತೆ. ಯಾರು ಮಣ್ಣು ಹೊರಬೇಕು, ಯಾರು ಬುಟ್ಟಿ ತರಬೇಕು ಅಂತ ನಮ್ಮವರು, ಅಲ್ಲ, ಗುಲ್ಲಹಳ್ಳಿಯವರು ಕಟ್ಟೆಯ ಮೇಲೆ ಜಗಳವಾಡುತ್ತಾ ಕೂತರು. ನೀರು ಹರಿದು ಹೋಗುತ್ತಲೇ ಇತ್ತು. ಆಗ ಕಬ್ಬಿನ ಗದ್ದೆ ಕಾಯುವ ಉಗ್ರಪ್ಪ ಎದ್ದ. ನರಿ ಓಡಿಸಿ ಓಡಿಸಿ ಅವನ ಗಂಟಲು ಕಂಚಿನ ಹಾಗಾಗಿತ್ತು.

"ಏಳ್ರೋ! ಬುಟ್ಟಿ ತಗೊಳ್ರೋ!" ಅಂದನಂತೆ.

ಯಾಕೆ ಅಂತ ಯಾರೂ ಕೇಳಲಿಲ್ಲ, ಎದ್ದರು. ಸಂಜೆಯೊಳಗೆ ಏರಿ ನಿಂತಿತು. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು.

ತಿಪ್ಪಯ್ಯನ ತಲೆ ಓಡಿತು. ಅವನ ತಲೆ ಓಡುತ್ತಿದ್ದುದೇ ಅಪರೂಪ, ಓಡಿದಾಗೆಲ್ಲ ಹಳ್ಳಕ್ಕೇ ಓಡುತ್ತಿತ್ತು. "ನನ್ನಪ್ಪಗಳಿರಾ, ಎಲ್ಲಾರೂ ಯಾಕೆ ಎಲೆ ಹಾಕ್ಕೋಬೇಕು? ಎಲ್ಲಾರ ಪರವಾಗಿ ಉಗ್ರಪ್ಪನೊಬ್ಬ ಹಾಕ್ಕೊಂಡ್ರೆ ಸಾಲದಾ? ನನ್ನ ಬೆನ್ನೂ ಉಳೀತದೆ" ಅಂದ. ಆವತ್ತು ಒಬ್ಬರೂ ಎಲೆ ಮಗುಚಲಿಲ್ಲ. ಗುಲ್ಲಹಳ್ಳಿ ಹುಟ್ಟಿದ ಮೇಲೆ ಒಮ್ಮತದಿಂದ ಮಾಡಿದ ತೀರ್ಮಾನ ಅದೊಂದೇ ಅಂತೆ.

ಮೊದಮೊದಲು ಸೊಗಸಾಗಿತ್ತು. ಎಮ್ಮೆಗಳು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದವು, ತಿಪ್ಪಯ್ಯ ಒಂದೇ ಬಾಯಿ ನೋಡಿ ಕೂಗಿ ಮನೆಗೆ ಹೋಗುತ್ತಿದ್ದ. ಆಮೇಲೆ ಎಲ್ಲರೂ ಹಳದಿ ಪೇಟವನ್ನೇ ಸುತ್ತಬೇಕು ಅಂತ ಆಯಿತು. ಕೆಂಪೋ ಕೆಂಪು! ಉಗ್ರಪ್ಪ ಸೀನಿದರೆ ಎಲ್ಲರೂ ಎದ್ದು ನಿಲ್ಲಬೇಕು ಅಂತ ಆಯಿತು. ಕೆಂಪೋ ಕೆಂಪು! ಯಾರು ನಿಧಾನವಾಗಿ ಎದ್ದರು ಅಂತ ಪಕ್ಕದ ಮನೆಯವರು ಬಂದು ಹೇಳಬೇಕು ಅಂತಲೂ ಆಯಿತು. ಅಪ್ಪಣೆ ಬರುವ ಮೊದಲೇ ಹೇಳಿಬಂದವರೂ ಇದ್ದರಂತೆ. ಸುತ್ತ ದೊಣ್ಣೆ ಹಿಡಿದು ನಿಂತವರು ಹೊರಗಿನವರಲ್ಲ, ಊರಿನ ಗಂಡುಮಕ್ಕಳೇ.

ಅವಸರದಲ್ಲಿ ಕಟ್ಟಿದ ಏರಿ ಮತ್ತೆ ಒಡೆಯಿತು. ತಪ್ಪು ಉಗ್ರಪ್ಪನದು ಅನ್ನುವ ಹಾಗಿರಲಿಲ್ಲ. ಯಾರದಾದರೂ ಆಗಬೇಕಲ್ಲ?

"ಸುಣ್ಣದ ಕೇರಿಯೋರ ಗೂಡಿನ ಹೊಗೆಯಿಂದ ಏರಿ ಬಿರುಕುಬಿಟ್ಟಿದೆ. ಅವರು ಹೊಳೆ ದಾಟಿ ಹೋಗ್ಲಿ!" ಅಂದ ಉಗ್ರಪ್ಪ.

ಹೊಗೆಯಿಂದ ಏರಿ ಒಡೆಯುವುದಿಲ್ಲ ಅಂತ ಕೂಸಿಗೂ ಗೊತ್ತು. ತಿಪ್ಪಯ್ಯ ಬಾಯಿ ನೋಡಿದ. ಕೆಂಪಾಗಿತ್ತು. ಸಾಕವ್ವ ತನ್ನ ಮನೆಯಲ್ಲಿದ್ದಾಳೆ, ಅವಳಿಗೇನೂ ಆಗುವುದಿಲ್ಲ ಅಂತ ಸಮಾಧಾನ ಮಾಡಿಕೊಂಡು ಕೂಗಿದ. ಅವನ ಮಾವ ಗಂಟು ಹೊತ್ತು ಹೊಳೆ ದಾಟುವಾಗ ತಿರುಗಿಯೂ ನೋಡಲಿಲ್ಲ.

ಊರಿನ ಸುಣ್ಣ ಮುಗಿಯಿತು. ಸುಣ್ಣವಿಲ್ಲದೆ ಎಲೆ ಅಗಿದರೆ ಬಾಯಿ ಎಲ್ಲಿ ಕೆಂಪಾದೀತು? ಉಗ್ರಪ್ಪ ಬಾಯಿ ತೆರೆದರೆ ಮೇಕೆಯ ಬಾಯಿಯ ಹಾಗೆ ಹಸಿರು. ತಿಪ್ಪಯ್ಯ ದೊಣ್ಣೆಗಳನ್ನು ನೋಡಿದ, "ಕೆಂಪೋ ಕೆಂಪು!" ಅಂದ. ಊರೆಲ್ಲ "ಕೆಂಪು, ಕೆಂಪು" ಅಂತು. ಎಷ್ಟು ಕೆಂಪು ಅಂತ ಹೊಗಳುವುದರಲ್ಲೂ ಪೈಪೋಟಿ ಆಯಿತಂತೆ.

ಸಂಜೆ ಸಾಕವ್ವ ಕೇಳಿದಳು, "ಬಾಯಿ ಯಾವ ಬಣ್ಣ ಇತ್ತು?"

"ಕೆಂಪು."

"ಹಂಗಾರೆ ಅವನಿಗೆ ಸಿಕ್ಕಿದ ಸುಣ್ಣ ನಿನ್ನ ಬೆನ್ನಿಗೆ ಯಾಕೆ ಸಿಗಲಿಲ್ಲ?"

ತಿಪ್ಪಯ್ಯ ಬೆನ್ನು ಹಿಡಿದುಕೊಂಡು ಕೂತ. ಒಂದು ಜಂಬವಿತ್ತು, ಅದೂ ಹೋಯಿತಲ್ಲ ಅಂತ ಅತ್ತುಬಿಟ್ಟ.

ಸ್ವಲ್ಪ ದಿನಕ್ಕೆ ಉಗ್ರಪ್ಪ ಕಟ್ಟೆಯ ಮೇಲೆ ನಿಂತು ಹೇಳಿದ, "ಸುಣ್ಣದ ಕೇರಿಯಿಂದ ಸೊಸೆಯಾಗಿ ಬಂದೋರೂ ಹೋಗ್ಬೇಕು." ಸಾಕವ್ವ ಆಗಲೇ ಗಂಟು ಕಟ್ಟಿಕೊಂಡು ಬಂದು ನಿಂತಿದ್ದಳು. ಗಂಡನ ಮುಖವನ್ನೂ ನೋಡಲಿಲ್ಲ. ಉಗ್ರಪ್ಪ ಎಲೆ ಅಗಿದು ಬಾಯಿ ತೆರೆದ. ಹಸಿರು.

ತಿಪ್ಪಯ್ಯ ಎದೆಯುಬ್ಬಿಸಿ ಸತ್ಯ ಹೇಳಿದ ಅಂತ ಹೇಳಲು ನನಗೂ ಆಸೆ. ಏನು ಮಾಡಲಿ, ಸುತ್ತ ದೊಣ್ಣೆಗಳಿದ್ದವು. ಕೆಂಪು ಅಂದರೆ ಹೆಂಡತಿ ಹೋಗುತ್ತಾಳೆ, ಹಸಿರು ಅಂದರೆ ತಲೆ ಹೋಗುತ್ತದೆ.

"ಬುದ್ಧೀ, ನನ್ನ ಕಣ್ಣು ಯಾಕೋ ಮಂಜಾಗಿದೆ. ಊರೋರನ್ನೇ ಕೇಳ್ಕೊಂಡು ಬರ್ತೀನಿ" ಅಂದ. ಹಳೆಯ ಹಿತ್ತಾಳೆ ತಟ್ಟೆ ಎತ್ತಿಕೊಂಡು, ಬೆನ್ನು ಹಿಡಿದುಕೊಂಡು ಹೊರಟೇಬಿಟ್ಟ. ಮೊದಲು ಸಿಕ್ಕಿದವನು ದೊಣ್ಣೆಯವರ ಮುಂದಾಳು. ಎಲೆ ನೋಡಿ ಎಷ್ಟು ಕಾಲವಾಗಿತ್ತೋ, ಅವನ ಬಾಯಲ್ಲಿ ನೀರೂರಿತು.

"ಸುಣ್ಣ ಎಲ್ಲಯ್ಯಾ?"

"ಸುಣ್ಣದೋರನ್ನ ನೀವೇ ದಾಟಿಸಿ ಬಂದ್ರಲ್ಲಣ್ಣ."

ಮುಂದಾಳು ಎಲೆಯನ್ನು ತಿರುಗಿಸಿ ನೋಡಿದ. ಮುಖ ಹುಳ್ಳಗೆ ಮಾಡಿಕೊಂಡು, ಮಗುಚಿ ತಟ್ಟೆಯಲ್ಲಿಟ್ಟ. ಪಕ್ಕದವನೂ ಮಗುಚಿದ. ಅಳಿಯ ಮಗುಚಿದ, ಮಾವ ಮಗುಚಿದ, ಬೀಗರೆಲ್ಲ ಮಗುಚಿದರು. ಉಗ್ರಪ್ಪ ಕೂಗಿದ, ಇನ್ನೂ ಕೂಗಿದ. ಯಾರೂ ಏಳಲಿಲ್ಲ. ಕೂಗಿ ಕೂಗಿ ಗಂಟಲು ಒಡೆದು, ಕೊನೆಗೆ ಕಬ್ಬಿನ ಗದ್ದೆಯ ಕಡೆ ನಡೆದನಂತೆ.

ಆಮೇಲೆ ಊರಿಗೆ ಊರೇ ತಟ್ಟೆ ಹೊತ್ತು ಹೊಳೆ ದಾಟಿತು. ಸಾಕವ್ವನ ಅಪ್ಪ ಗುಡಿಸಲಿನ ಬಾಗಿಲಲ್ಲೇ ತಡೆದು ಕೇಳಿದ, "ನಿಮಗೆ ನಮ್ಮ ನೆನಪಾಯ್ತೋ, ಸುಣ್ಣದ ನೆನಪಾಯ್ತೋ?"

ಎಲ್ಲರೂ ನೆಲ ನೋಡಿದರು. ತಿಪ್ಪಯ್ಯ ಹೇಳಿದ, "ಸುಣ್ಣದ್ದೇ ಮೊದಲು, ಮಾವ."

ಮುದುಕ ಅವನ ಹತ್ತಿರ ಬಂದ. "ಬಾಯಿ ತೆಗಿ" ಅಂದ. ಒಳಗೆ ಇಣುಕಿ, "ಈಗ ಸರಿಯಾದ ಬಣ್ಣ ಇದೆ" ಅಂತ ಹೇಳಿ ಗಂಟು ಕಟ್ಟತೊಡಗಿದ.

ಸುಣ್ಣದ ಕೇರಿಯಲ್ಲಿ ಮತ್ತೆ ಹೊಗೆ ಎದ್ದಿತಂತೆ. ಸಂಜೆ ಸಂಜೆ ಸಾಕವ್ವ ಪಟ್ಟು ಹಾಕುತ್ತಾಳಂತೆ, ಈಗ ತುಸು ಜೋರಾಗಿಯೇ ಒತ್ತುತ್ತಾಳಂತೆ. ತಿಪ್ಪಯ್ಯ ಅಮ್ಮಾ ಅನ್ನುತ್ತಾನೆ, ಸಾಕು ಅನ್ನುವುದಿಲ್ಲ. ಏರಿ ಮಾತ್ರ ಇನ್ನೂ ಒಡೆದೇ ಇದೆ, ಯಾರು ಬುಟ್ಟಿ ತರಬೇಕು ಅಂತ ಮಾತು ನಡೆಯುತ್ತಿದೆ. ಅವರ ಕತೆ ಅವರ ಕಟ್ಟೆಯ ಮೇಲೆ ಉಳಿಯಿತು, ಎಲೆ ತಟ್ಟೆ ನಮ್ಮ ಮುಂದೆ ಬಂದು ನಿಂತಿತು.