ಸೈಕಲ್ ಟ್ಯೂಬಿನ ಕಟ್ಟು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತಪ್ಪು ಮಾಡಿದವನು ಅದು ತಪ್ಪೆಂದು ತಿಳಿದ ಮೇಲೆ ಒಪ್ಪಿಕೊಂಡರೆ ಅಲ್ಲಿಗೆ ಮುಗಿಯಿತಲ್ಲವೇ?"

ಗುರುಗಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ನೀರು ಇಂಗಿದೆಯೇ, ಕೊಬ್ಬರಿ ಗಟ್ಟಿಯಾಗಿದೆಯೇ, ಕೊಳೆತಿದೆಯೇ ಎಂದು ಒಡೆಯದೆ ಹೇಳುತ್ತಿದ್ದ. ಮೂವತ್ತು ವರ್ಷ ಆ ಕಿವಿಯೇ ಅವನಿಗೆ ಅನ್ನ ಹಾಕಿತ್ತು. ಮಂಡಿಯಲ್ಲಿ ಅವನ ಮಾತಿಗೆ ಎದುರು ಮಾತಿರಲಿಲ್ಲ. ಕಾಯಿಯನ್ನು ತಿಳಿದವನಿಗೆ ಮನುಷ್ಯ ಯಾವ ಲೆಕ್ಕ ಎಂದು ಅವನು ನಂಬಿದ್ದ.

ಅವನಿಗೆ ಒಂದು ಹಳೆಯ ಕಾರಿತ್ತು. ಕಾರು ಬಂದ ದಿನದಿಂದ ಅದನ್ನು ಓಡಿಸುತ್ತಿದ್ದ ಒಬ್ಬ ಡ್ರೈವರ್ ಇದ್ದ. ಕಾರಿಗೂ ಅವನಿಗೂ ಇಪ್ಪತ್ತು ವರ್ಷದ ಒಡನಾಟ.

ಒಂದು ವರ್ಷ ಕಾರಿಗೆ ನಡುಕ ಹತ್ತಿತು. ಓಡುವಾಗ ಏನೂ ಇಲ್ಲ. ನಿಲ್ಲಿಸಿದಾಗ ಮಾತ್ರ ಎಂಜಿನ್ನು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆರಿಹೋಗುತ್ತಿತ್ತು. ಆರದಿರಲಿ ಎಂದು ಡ್ರೈವರ್ ಚೋಕ್ ಎಳೆದುಕೊಂಡೇ ಓಡಿಸಬೇಕಾಯಿತು. ಚೋಕ್ ಎಳೆದ ಗಾಡಿ ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತದೆ. ಹಿಂದಿನ ಸೀಟಿನಲ್ಲಿ ಕೂತ ವ್ಯಾಪಾರಿ ನಡುಕವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಪೆಟ್ರೋಲನ್ನು ಹಿಡಿದ.

ಡ್ರೈವರ್ ಒಂದು ದಿನ ಬಾನೆಟ್ ಎತ್ತಿ ಅವನನ್ನು ಕರೆದ. ಎಂಜಿನ್ನಿನಿಂದ ಬ್ರೇಕಿಗೆ ಹೋಗುವ ರಬ್ಬರ್ ಪೈಪಿನ ಒಂದು ಕಡೆ ಹೆಬ್ಬೆರಳು ಒತ್ತಿದ. ನಡುಕ ನಿಂತಿತು. ಬೆರಳು ತೆಗೆದ. ನಡುಕ ಬಂತು.

"ಇಲ್ಲಿ ಪೈಪು ಸೀಳಿದೆ ಸಾಹುಕಾರರೇ. ಎಂಜಿನ್ನು ಗಾಳಿ ಕುಡಿಯುತ್ತಿದೆ."

"ಕುಡಿಯಲಿ ಬಿಡಪ್ಪಾ, ಗಾಳಿ ಪುಕ್ಕಟೆ. ಪೆಟ್ರೋಲು ಯಾರು ಕುಡಿಯುತ್ತಿದ್ದಾರೆ, ಅದು ಹೇಳು."

"ಎರಡು ಗೇಣು ಪೈಪು ತಂದು ಹಾಕಿದರೆ ಎರಡೂ ನಿಲ್ಲುತ್ತವೆ."

"ಇವತ್ತು ಪೈಪು ಅನ್ನುತ್ತೀಯ, ನಾಳೆ ಇನ್ನೊಂದು ಅನ್ನುತ್ತೀಯ. ನನ್ನ ಕಾರು ರಿಪೇರಿಯಾಗುತ್ತದೋ ಇಲ್ಲವೋ, ನಿನ್ನ ಮನೆಯಂತೂ ರಿಪೇರಿಯಾಗುತ್ತದೆ."

ತನ್ನ ಮಾತಿಗೆ ವ್ಯಾಪಾರಿ ತಾನೇ ನಕ್ಕ. ಒಮ್ಮೆ ಕೇಳಿ ಇಷ್ಟು ಅನ್ನಿಸಿಕೊಂಡ ಡ್ರೈವರ್ ಮತ್ತೆ ಕೇಳಲಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಸೀಳಿದ ಕಡೆ ಬಿಗಿಯಾಗಿ ಸುತ್ತಿ, ಮೇಲೆ ತಂತಿ ಕಟ್ಟಿದ. ನಡುಕ ಮುಕ್ಕಾಲು ನಿಂತಿತು. ಪೂರ್ತಿ ನಿಲ್ಲಲಿಲ್ಲ, ಕಟ್ಟು ಕಟ್ಟೇ ತಾನೆ.

ಅನುಮಾನ ಮಾತ್ರ ಮುಕ್ಕಾಲಿಗೆ ನಿಲ್ಲುವ ವಸ್ತುವಲ್ಲ. ಮಂಡಿಯಲ್ಲಿ ಹರಾಜಿನ ದಿನ, ನಾಲ್ಕೂರಿನ ಜನ ಸೇರಿದ್ದಾಗ, ವ್ಯಾಪಾರಿ ಬಾಗಿಲಲ್ಲೇ ಕಾರು ನಿಲ್ಲಿಸಿ ಬಾನೆಟ್ ತೆಗೆಸಿದ. ಪೈಪಿನ ಮೇಲೆ ಕಪ್ಪು ಗಂಟು ಕಂಡಿತು.

"ಏನಿದು?"

"ಅವತ್ತು ತೋರಿಸಿದೆನಲ್ಲ, ಅದೇ ಸೀಳು. ಕಟ್ಟಿದ್ದೇನೆ."

"ಕಟ್ಟಿದ್ದೀಯೋ, ಬಿಚ್ಚುವುದಕ್ಕೆ ಅನುಕೂಲ ಮಾಡಿಕೊಂಡಿದ್ದೀಯೋ? ನನ್ನ ಪೆಟ್ರೋಲು ಇಲ್ಲಿಂದ ಇಳಿಯುತ್ತದೆ ಅನ್ನು."

ವ್ಯಾಪಾರಿ ತಂತಿಗೆ ಬೆರಳು ಹಾಕಿ ಕಟ್ಟನ್ನು ಕಿತ್ತು ಎತ್ತಿ ಹಿಡಿದ. "ನೋಡ್ರಪ್ಪಾ, ಇಪ್ಪತ್ತು ವರ್ಷ ಅನ್ನ ಹಾಕಿದ ಮನೆಗೆ ಕನ್ನ."

ಆ ಪೈಪಿನಲ್ಲಿ ಪೆಟ್ರೋಲು ಹರಿಯುವುದಿಲ್ಲ ಎಂದು ಅಲ್ಲಿದ್ದ ಲಾರಿ ಡ್ರೈವರುಗಳಿಗೆ ಗೊತ್ತಿತ್ತು. ಅವರಿಗೆ ಲೋಡು ಕೊಡುವವನೂ ಇದೇ ವ್ಯಾಪಾರಿ ಎಂಬುದೂ ಗೊತ್ತಿತ್ತು. ಡ್ರೈವರಿನ ಮುಖ ಬೆವರಿತು. ಒರೆಸಿಕೊಳ್ಳಲು ಹೆಗಲ ಮೇಲಿದ್ದ ಟವೆಲಿಗೆ ಕೈ ಹಾಕಿದ. ಗುಂಪಿನಲ್ಲಿ ಯಾರೋ ಅಂದರು: "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ನೋಡಿ." ಜನ ನಕ್ಕರು. ನಗು ಬಂದ ಮೇಲೆ ವಿಚಾರಣೆ ಇರುವುದಿಲ್ಲ. ಡ್ರೈವರ್ ಬೀಗದ ಕೈಯನ್ನು ಎಂಜಿನ್ನಿನ ಪಕ್ಕದಲ್ಲಿಟ್ಟು ನಡೆದುಕೊಂಡು ಹೋದ.

ಕಟ್ಟು ಹೋದ ಮೇಲೆ ಕಾರಿನ ನಡುಕ ದುಪ್ಪಟ್ಟಾಯಿತು. ಹೋಗುವಾಗ ಕಳ್ಳ ಏನೋ ಕೈಚಳಕ ಮಾಡಿ ಹೋಗಿದ್ದಾನೆ ಎಂದು ವ್ಯಾಪಾರಿ ಹೇಳಿದ. ಊರಿನ ಮೆಕ್ಯಾನಿಕ್ಕು ಎಂಜಿನ್ನಿನ ಅಡಿಯ ರಬ್ಬರ್ ಬದಲಿಸಿದ, ಪ್ಲಗ್ಗು ಬದಲಿಸಿದ, ಕಾರ್ಬುರೇಟರ್ ತೊಳೆದ. ನಡುಕ ಹೋಗಲಿಲ್ಲ. ಎರಡನೆಯ ಡ್ರೈವರ್ ಬಂದ. ಪೆಟ್ರೋಲು ಇನ್ನೂ ಹೆಚ್ಚು ಹೋಯಿತು, ವ್ಯಾಪಾರಿ ಅವನನ್ನೂ ಬಿಡಿಸಿದ. ಮೂರನೆಯವನು ತಾನೇ ಬಿಟ್ಟುಹೋದ. ಕೊನೆಗೆ ಟ್ಯಾಂಕಿಗೆ ಬೀಗ ಹಾಕಿಸಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ವ್ಯಾಪಾರಿ ತಾನೇ ಓಡಿಸತೊಡಗಿದ. ಆರದಿರಲಿ ಎಂದು ತಾನೇ ಚೋಕ್ ಎಳೆದ. ಪೆಟ್ರೋಲು ಹಾಗೆಯೇ ಹೋಯಿತು. ಈಗ ಅನುಮಾನಿಸಲು ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಆಗ ಅವನು ಪಕ್ಕದ ಊರಿನ ಒಬ್ಬ ಮುದಿ ಮೆಕ್ಯಾನಿಕ್ಕಿನ ಹತ್ತಿರ ಹೋದ. ಮುದುಕ ಏನನ್ನೂ ಬಿಚ್ಚಲಿಲ್ಲ. ಎಂಜಿನ್ನು ಓಡುತ್ತಿರುವಂತೆಯೇ ಪೈಪುಗಳ ಮೇಲೆ, ಅವು ಕೂಡುವ ಕಡೆಯೆಲ್ಲ ಸೋಪಿನ ನೊರೆ ಹಚ್ಚುತ್ತ ಬಂದ. ಒಂದು ಕಡೆ ನೊರೆ ಸುರ್ರೆಂದು ಒಳಗೆ ಹೋಯಿತು. ಮುದುಕ ಅಲ್ಲಿ ಹೆಬ್ಬೆರಳು ಒತ್ತಿದ. ನಡುಕ ನಿಂತಿತು.

"ಇಲ್ಲಿ ತಂತಿಯ ಗುರುತಿದೆ ಸ್ವಾಮಿ. ಯಾರೋ ಬಲ್ಲವನೇ ಕಟ್ಟಿದ್ದಾನೆ. ಬಿಚ್ಚಿದ ಪುಣ್ಯಾತ್ಮ ಯಾರು?"

"ಹಳೆಯ ಡ್ರೈವರ್," ಅಂದ ವ್ಯಾಪಾರಿ.

"ಅಂಥವನನ್ನು ಇಟ್ಟುಕೊಳ್ಳಬೇಡಿ."

"ಇಟ್ಟುಕೊಂಡಿಲ್ಲ."

ಎರಡು ಗೇಣು ಹೊಸ ಪೈಪು ಬಿತ್ತು. ಚೋಕ್ ಒಳಗೆ ಹೋಯಿತು. ಕಾರು ನಿಂತಲ್ಲಿ ಸದ್ದಿಲ್ಲದೆ ನಿಂತಿತು. ವ್ಯಾಪಾರಿ ಆ ತನಕ ಹೇಳಿದ್ದ ಸುಳ್ಳಿಗೆಲ್ಲ ಒಂದು ಲಾಭವಿತ್ತು. ಈಗ ಮುದುಕನಿಗೆ ಹೇಳಿದ ಸುಳ್ಳಿನಿಂದ ಏನು ಬಂತೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ, ತಿಳಿಯಲಿಲ್ಲ. ಮನೆಯ ಕಡೆ ತಿರುಗಬೇಕಾದಲ್ಲಿ ತಿರುಗದೆ ಡ್ರೈವರನ್ನು ಹುಡುಕಿಕೊಂಡು ಹೋದ.

ಮಂಡಿಯಲ್ಲಿ ಕಳ್ಳ ಅನ್ನಿಸಿಕೊಂಡವನ ಕೈಗೆ ಯಾರೂ ಸ್ಟೇರಿಂಗು ಕೊಟ್ಟಿರಲಿಲ್ಲ. ಅವನು ಒಂದು ಅಂಗಳದಲ್ಲಿ ಕೂಲಿಗೆ ಕಾಯಿ ಸುಲಿಯುತ್ತಿದ್ದ. ಅಲ್ಲಿ ಇಪ್ಪತ್ತು ಆಳುಗಳಿದ್ದರು. ಸಂಜೆ ಮನೆಗೆ ಹೊರಡುವಾಗ ಮೇಸ್ತ್ರಿ ಅವನೊಬ್ಬನ ಚೀಲವನ್ನು ಮಾತ್ರ ಬಿಚ್ಚಿಸಿ ನೋಡುತ್ತಿದ್ದ. ಅವನ ಚೀಲದಲ್ಲಿ ಎಂದೂ ಖಾಲಿ ಬುತ್ತಿಯಲ್ಲದೆ ಬೇರೇನೂ ಇರಲಿಲ್ಲ. ಮೇಸ್ತ್ರಿ ನೋಡುವುದನ್ನು ಎಂದೂ ಬಿಡಲಿಲ್ಲ.

ವ್ಯಾಪಾರಿ ಹತ್ತಿರ ಹೋಗಿ ಮೆಲ್ಲನೆ ಹೇಳಿದ: "ಪೈಪೇ ಸೀಳಿತ್ತು ಕಣಪ್ಪಾ. ನೀನು ಹೇಳಿದ್ದೇ ಸರಿ."

"ಗೊತ್ತು ಸಾಹುಕಾರರೇ."

"ನನ್ನದು ತಪ್ಪಾಯಿತು. ನಾಳೆಯಿಂದ ಬಂದುಬಿಡು. ಸಂಬಳ ಮೊದಲಿನದಕ್ಕಿಂತ ಹೆಚ್ಚು ಕೊಡುತ್ತೇನೆ."

ಡ್ರೈವರ್ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದ. ಆಮೇಲೆ ಹೇಳಿದ: "ಮೊದಲಿನಷ್ಟೇ ಸಾಕು, ಬರುತ್ತೇನೆ. ಅಗೋ, ಅಲ್ಲಿ ಮೇಸ್ತ್ರಿ ನಿಂತಿದ್ದಾನೆ. ನನಗೆ ಹೇಳಿದ ಇದೇ ಮಾತನ್ನು ಅವನಿಗೊಮ್ಮೆ ಹೇಳಿಬಿಡಿ. ಉಳಿದ ಆಳುಗಳಿಗೂ ಕೇಳಿಸುವಷ್ಟು ಜೋರಾಗಿ ಹೇಳಿ."

ಮೇಸ್ತ್ರಿ ಹತ್ತು ಹೆಜ್ಜೆ ದೂರದಲ್ಲಿದ್ದ. ವ್ಯಾಪಾರಿ ಅವನತ್ತ ಹೊರಟ. ಮೊದಲ ಐದು ಹೆಜ್ಜೆ ನಿಜವಾಗಿಯೂ ಹೇಳಲೆಂದೇ ನಡೆದ. ಆರನೆಯದರಲ್ಲಿ ಅವನೊಳಗಿನ ತಕ್ಕಡಿ ಎದ್ದಿತು. ಎರಡು ಗೇಣು ಪೈಪನ್ನು ತಿಳಿಯದವನು ಕಾಯಿಯ ಒಳಗನ್ನು ಏನು ತಿಳಿದಾನು ಎಂದು ನಾಳೆ ಮಂಡಿಯಲ್ಲಿ ಒಬ್ಬ ಅಂದರೆ ಸಾಕು, ಮೂವತ್ತು ವರ್ಷದ ಮಾತು ಮಣ್ಣುಪಾಲು. ಒಂದು ತಟ್ಟೆಯಲ್ಲಿ ಇಡೀ ಮಂಡಿ, ಇನ್ನೊಂದರಲ್ಲಿ ಒಬ್ಬ ಕೂಲಿ. ಅವನು ತೂಕ ಬಲ್ಲ ಮನುಷ್ಯ.

ಹತ್ತನೆಯ ಹೆಜ್ಜೆಗೆ ಮೇಸ್ತ್ರಿ ಕೈಮುಗಿದ. "ಏನಪ್ಪಣೆ ಸಾಹುಕಾರರೇ?"

"ಏನಿಲ್ಲಪ್ಪಾ. ಈ ಸಲ ಕಾಯಿ ಸಣ್ಣದಾಯಿತಲ್ಲ, ಏಕೆ?"

"ಮಳೆ ಹಿಂದಾಯಿತು ನೋಡಿ."

"ಹೌದು, ಹೌದು," ಅಂದ ವ್ಯಾಪಾರಿ. ಹಿಂದಿರುಗಿ ನೋಡದೆ ಕಾರು ಹತ್ತಿದ. ಡ್ರೈವರ್ ಮುಂದಿನ ಕಾಯಿಗೆ ಕೈ ಹಾಕಿದ. ಆ ಸಂಜೆಯೂ ಮೇಸ್ತ್ರಿ ಅವನ ಚೀಲ ಬಿಚ್ಚಿಸಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಕಣ್ಣು ತೇವವಾಗಿತ್ತು.

"ಗುರುಗಳೇ," ಅಂದ, "ಆ ವ್ಯಾಪಾರಿಯ ಮನಸ್ಸಿಗೆ ಆಮೇಲಾದರೂ ನೆಮ್ಮದಿ ಸಿಕ್ಕಿತೇ?"

ಗುರುಗಳು ಹೇಳಿದರು: "ನೀನೂ ವ್ಯಾಪಾರಿಯ ವಿಚಾರವನ್ನೇ ಕೇಳಿದೆ."