ಗಾಜಿನ ಮೂತಿಯೊಳಗಿನ ಮುಖ

ಹೊಳೆ ದಂಡೆಯ ಆ ಆಶ್ರಮದಲ್ಲಿ ತಾಯತ ಕಟ್ಟುತ್ತಿರಲಿಲ್ಲ, ಭವಿಷ್ಯ ಹೇಳುತ್ತಿರಲಿಲ್ಲ, ಪ್ರಸಾದವೂ ಅಷ್ಟಕ್ಕಷ್ಟೇ. ಹಾಗಾಗಿ ಜನ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಇದ್ದವರು ಇಬ್ಬರೇ. ಹೊನ್ನಪ್ಪಸ್ವಾಮಿ ಎಂಬ ಮುದಿ ಗುರು, ಪಶುಪತಿ ಎಂಬ ಶಿಷ್ಯ.

ಶಿಷ್ಯ ಜಪ ಮಾಡುತ್ತಿರಲಿಲ್ಲ. ವಿಮಾನ ಕಟ್ಟುತ್ತಿದ್ದ.

ಅದು ಯುದ್ಧಕಾಲದ ಬಾಂಬರ್ ವಿಮಾನದ ಮಾದರಿ. ಹಾಲೆ ಮರದ್ದು, ರೆಕ್ಕೆಯಿಂದ ರೆಕ್ಕೆಗೆ ಮೊಳಕ್ಕಿಂತ ತುಸು ಹೆಚ್ಚು. ನಿಜವಾದ ವಿಮಾನದ ನಾಲ್ಕು ಅಡಿ ಇಲ್ಲಿ ಒಂದು ಅಂಗುಲ.

ಮೂರು ವರ್ಷದ ಹಿಂದೆ ಪಶುಪತಿ ಬಂದು ಗುರುಗಳ ಮುಂದೆ ನಿಂತು ಕೇಳಿದ್ದು ಒಂದೇ ಮಾತು.

"ನೀವು ಯುದ್ಧದಲ್ಲಿ ನಮ್ಮಪ್ಪನ ಜೊತೆ ಒಂದೇ ವಿಮಾನದಲ್ಲಿ ಇದ್ರಂತೆ. ಬಾಂಬ್ ಹಾಕುವಾಗ ಅವರ ಮುಖ ಹೇಗಿರ್ತಿತ್ತು?"

"ಮೊದಲು ವಿಮಾನ ಕಟ್ಟು," ಎಂದಿದ್ದರು ಗುರುಗಳು. "ಆಮೇಲೆ ನೋಡೋಣ."

ಅವನು ಕೇಳಿದ್ದಕ್ಕೆ ಕಾರಣವಿತ್ತು. ಯುದ್ಧ ಮುಗಿಸಿ ಬಂದ ಅಪ್ಪ ಇಪ್ಪತ್ತು ವರ್ಷ ಬದುಕಿದ್ದ. ಮಾವಿನಕಾಯಿಗೆ ಒಂದು ಕಲ್ಲು ಎಸೆದವನಲ್ಲ. ಮಗ ಎಸೆದರೆ ಅವನ ಕೈ ಹಿಡಿದು ಮುರಿಯುವ ಹಾಗೆ ತಿರುಚುತ್ತಿದ್ದ. ಕೊನೆಯ ಎರಡು ವರ್ಷ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ, ಹಾಗೇ ಸತ್ತ. ಹೆಣವನ್ನು ಅಂಗಾತ ಮಾಡಿದಾಗಲೇ ಮಗ ಆ ಮುಖವನ್ನು ಕಣ್ತುಂಬ ನೋಡಿದ್ದು.

ಅಮ್ಮ ಮಾತ್ರ ಹೇಳುತ್ತಿದ್ದಳು: "ನಿಮ್ಮಪ್ಪಂದು ಹೆಂಗರುಳು ಕಣೋ. ಅಳ್ತಾ ಅಳ್ತಾನೇ ಹಾಕಿರ್ತಾರೆ."

ಪಶುಪತಿ ಅದನ್ನು ನಂಬಿದ್ದ. ನಂಬಿದ್ದರೂ ಕಂಡವರ ಬಾಯಿಂದ ಒಮ್ಮೆ ಕೇಳಬೇಕಿತ್ತು. ಆ ಒಂದು ಮಾತಿಗಾಗಿ ಮೂರು ವರ್ಷ ಮರ ಕೆತ್ತಿದ.

ಗುರುಗಳ ಕಣ್ಣಿಗೆ ಪೊರೆ ಬಂದಿತ್ತು. ಬೆರಳಲ್ಲಿ ಸವರಿಯೇ ತಪ್ಪು ಹಿಡಿಯುತ್ತಿದ್ದರು.

"ರೆಕ್ಕೆಗೆ ರಿವೆಟ್ ಎರಡು ಸಾಲು. ನೀನು ಒಂದೇ ಚುಚ್ಚಿದೀಯ."

"ಅಷ್ಟು ಸಣ್ಣದನ್ನ ಯಾರು ನೋಡ್ತಾರೆ ಗುರುಗಳೇ?"

"ನಾನಂತೂ ನೋಡಲ್ಲ. ಚುಚ್ಚು."

ಚುಚ್ಚಿದ. ಸೂಜಿ ಮೊನೆಯಲ್ಲಿ, ಉಸಿರು ಹಿಡಿದು, ಕತ್ತು ಹಿಡಿದುಕೊಳ್ಳುವ ತನಕ. ಹಳೇ ಎಕ್ಸ್‌ರೇ ಹಾಳೆ ತಂದು ಬ್ಲೀಚಿಂಗ್ ಪುಡಿಯಲ್ಲಿ ಉಜ್ಜಿ, ಯಾರದೋ ಪಕ್ಕೆಲುಬನ್ನು ಅಳಿಸಿ, ಕಿಟಕಿಗಳಿಗೆ ಗಾಜು ಮಾಡಿದ. ಎಂಜಿನ್ನಿನ ಹಿಂದೆ ದೀಪದ ಮಸಿ ಬಳಿದ. ಚಕ್ರಕ್ಕೆ ಕೆಸರು ಹಚ್ಚಿದ. ಹೊಟ್ಟೆಯ ಬಾಗಿಲೊಳಗೆ ಹನ್ನೆರಡು ಬಾಂಬುಗಳನ್ನು ಸಾಲಾಗಿ ತೂಗುಹಾಕಿದ. ಯಾರು ನೋಡಿದರೂ ಹೌದೆನ್ನಬೇಕು, ಅಷ್ಟು ಚೆಂದ ಬಂದಿತ್ತು.

ಉಳಿದದ್ದು ವಿಮಾನದ ಗಾಜಿನ ಮೂತಿ. ಅದರೊಳಗೆ ಎದೆ ಊರಿ ಮಲಗಿ, ಕೆಳಗೆ ನೋಡುತ್ತಾ ಗುರಿ ಹಿಡಿಯುವ ಒಬ್ಬ ಮನುಷ್ಯ. ಅವನೇ ಅಪ್ಪ. ಮೆಣಸಿನಕಾಳಿನಷ್ಟು ತಲೆ, ಅದಕ್ಕೊಂದು ಮುಖ.

"ಯಾವ ಮುಖ ಕೆತ್ತಿದೆ?" ಎಂದು ಗುರುಗಳು ಕೇಳಿದರು.

"ಅಳೋ ಮುಖ."

ಗುರುಗಳು ಅದನ್ನು ಒಲೆಗೆ ಹಾಕಿದರು.

ಮಾರನೆಯ ದಿನ ಇನ್ನೊಂದು ಕೆತ್ತಿದ. "ಕಣ್ಣು ಮುಚ್ಚಿಕೊಂಡಿದ್ದಾರೆ ಗುರುಗಳೇ. ನೋಡೋಕಾಗದೆ."

"ಕಣ್ಣು ಮುಚ್ಚಿದೋನು ಗುರಿ ಹೇಗೆ ಹಿಡೀತಾನೆ?" ಅದೂ ಒಲೆಗೆ ಹೋಯಿತು.

ಏಳನೆಯ ಮುಖವೂ ಬೂದಿಯಾದಾಗ ಪಶುಪತಿಗೆ ಸಿಟ್ಟು ನೆತ್ತಿಗೇರಿತು.

"ಕಟ್ಟು ಅಂದ್ರಿ, ಕಟ್ಟಿದೆ. ಈಗಲಾದ್ರೂ ಬಾಯಿಬಿಟ್ಟು ಹೇಳಿ. ನಮ್ಮಪ್ಪ ಅಳ್ತಿದ್ರು ತಾನೆ?"

ಗುರುಗಳು ಸುಣ್ಣದ ಡಬ್ಬಿ ತೆಗೆದುಕೊಂಡು ಎದ್ದರು. "ಬಾ."

ಆಶ್ರಮದ ಪಕ್ಕದಲ್ಲೇ ಹಳೆಯ ಕೋಟೆಯ ಒಂದು ಬುರುಜು ಹೊಳೆಯ ಕಡೆ ವಾಲಿಕೊಂಡು ನಿಂತಿತ್ತು. ಬೇಸಿಗೆ. ನೀರು ದೂರ ಸರಿದು ಬುರುಜಿನ ಕೆಳಗೆ ಬರೀ ಕಲ್ಲುಹರಳು ಹಾಸಿಕೊಂಡಿತ್ತು. ಗುರುಗಳು ಅಲ್ಲಿ ಬಗ್ಗಿ ಮೊರದಗಲ ಸುಣ್ಣದ ಸುತ್ತು ಎಳೆದರು. ಒಂದು ಟಿಟ್ಟಿಭ ಹಕ್ಕಿ ಚೀರುತ್ತಾ ಅವರ ತಲೆಯ ಮೇಲೇ ಹಾರಾಡಿತು. ಕೈ ಬೀಸಿ ಓಡಿಸಿದರು.

"ಮುಷ್ಟಿಗಾತ್ರದ ಹನ್ನೆರಡು ಕಲ್ಲು ಆರಿಸ್ಕೋ. ಮೇಲೆ ಹೋಗಿ ಎದೆ ಊರಿ ಮಲಕ್ಕೋ. ಈ ಸುತ್ತಿನೊಳಗೆ ಬೀಳಿಸು."

"ಅಷ್ಟೇನಾ?"

"ಅಷ್ಟೇ. ಅವನ ಕೆಲಸಾನೂ ಅಷ್ಟೇ ಇತ್ತು."

ಪಶುಪತಿ ಬುರುಜಿನ ಅಂಚಿಗೆ ತಲೆ ಚಾಚಿ ಮಲಗಿದ. ಗುರುಗಳು ಅವನ ಬೆನ್ನ ಹಿಂದೆ ಕೂತರು. ಅಲ್ಲಿಂದ ಅವರಿಗೆ ಕೆಳಗಿನದೇನೂ ಕಾಣುತ್ತಿರಲಿಲ್ಲ.

ಮೊದಲ ಕಲ್ಲು ಎಲ್ಲೋ ಹೋಯಿತು. ಎರಡನೆಯದೂ ಅಷ್ಟೇ.

"ಗಾಳಿ ಎಡಕ್ಕೆ ತಳ್ತಿದೆ ಗುರುಗಳೇ."

"ಹಾಗಾದ್ರೆ ಬಲಕ್ಕೆ ಹಿಡಿ."

ಮೂರನೆಯದು ಒಂದು ಮಾರು ದೂರ. ನಾಲ್ಕನೆಯದು ಇನ್ನೂ ಹತ್ತಿರ.

"ಥೂ, ಈ ಹಕ್ಕಿ ಒಂದು! ಬಾಯೇ ಮುಚ್ಚಲ್ಲ. ಗುರಿ ಕೆಡ್ತಿದೆ."

"ನಿನ್ನ ಕಣ್ಣು ಸುತ್ತಿನ ಮೇಲಿರಲಿ."

ಆರನೆಯ ಕಲ್ಲಿನ ಹೊತ್ತಿಗೆ ಅಪ್ಪ ಮರೆತುಹೋದ. ಮೂರು ವರ್ಷದ ಕೆತ್ತನೆ, ಒಲೆಗೆ ಬಿದ್ದ ಮುಖಗಳು, ಹಕ್ಕಿಯ ಚೀರಾಟ ಎಲ್ಲವೂ ಮರೆತುಹೋದವು. ಉಳಿದದ್ದು ಒಂದು ಬಿಳಿ ಸುತ್ತು, ಕೈಯಲ್ಲೊಂದು ಕಲ್ಲು. ಹಾಗೆ ಮರೆಯುವುದರಲ್ಲಿ ಒಂದು ಸುಖವಿದೆ, ಸುಳ್ಳು ಯಾಕೆ ಹೇಳಬೇಕು.

ಎಂಟನೆಯದು ಸುಣ್ಣದ ಗೆರೆಯನ್ನು ಸವರಿ ಹೋಯಿತು. ಅವನು ಹಲ್ಲು ಕಚ್ಚಿದ. ಗಾಳಿ ನಿಲ್ಲುವುದನ್ನು ಕಾದ. ಒಂಬತ್ತನೆಯದನ್ನು ಬಿಟ್ಟ.

"ಬಿತ್ತು!" ಎಂದು ಕೂಗಿದ. "ಗುರುಗಳೇ, ಬಿತ್ತು! ನಟ್ಟನಡುವೆ!"

ಹಿಂತಿರುಗಿ ನೋಡಿದರೆ ಗುರುಗಳು ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದರು.

ಪಶುಪತಿ ಮೆಟ್ಟಿಲಿಳಿದು ಓಡಿದ. ತನ್ನ ಕೈಚಳಕವನ್ನು ಹತ್ತಿರದಿಂದ ನೋಡುವ ಆಸೆ. ಸುತ್ತಿನ ಹತ್ತಿರ ಬಂದವನು ಅಲ್ಲೇ ನಿಂತುಬಿಟ್ಟ.

ಹರಳುಗಳ ನಡುವೆ, ಹರಳುಗಳದೇ ಬಣ್ಣದ ನಾಲ್ಕು ಮೊಟ್ಟೆಗಳಿದ್ದವು. ಮೂರು ಪುಡಿಯಾಗಿದ್ದವು. ನಾಲ್ಕನೆಯದು ಒಡೆದು ಬಾಯಿಬಿಟ್ಟಿತ್ತು. ಒಳಗೆ ಮರಿ ಬಲಿತಿತ್ತು, ಕಾಲು ಮೂಡಿತ್ತು. ಒಂದು ಕಾಲು ಇನ್ನೂ ಅದುರುತ್ತಿತ್ತು.

ಗುರುಗಳು ಗೋಡೆ ಹಿಡಿದು ನಿಧಾನವಾಗಿ ಇಳಿದು ಬಂದರು.

"ಏನಿದೆ ಅಲ್ಲಿ?"

"ಮೊಟ್ಟೆ ಗುರುಗಳೇ. ಮರಿ ಇತ್ತು." ಅವನು ಗುರುಗಳ ಕಡೆ ತಿರುಗಿದ. "ನಿಮಗೆ ಗೊತ್ತಿತ್ತಾ?"

ಗುರುಗಳು ಕುಕ್ಕರಗಾಲಲ್ಲಿ ಕೂತು ಬೆರಳಲ್ಲಿ ತಡಕಿದರು. ಬೆರಳಿಗೆ ಅಂಟಿದ್ದನ್ನು ತಿಳಿದು ಕೈ ಹಿಂದಕ್ಕೆಳೆದುಕೊಂಡರು.

"ಇಲ್ಲ ಕಣಪ್ಪ," ಎಂದರು. "ಕಲ್ಲು ಅಂದ್ಕೊಂಡೆ. ಗುರಿ ಹಿಡಿಯೋ ಹೊತ್ತಿನ ನಿನ್ನ ಬುದ್ಧಿ ನಿನಗೆ ಕಾಣಲಿ ಅಂತ ಕಲ್ಲು ಹಿಡಿಸಿದೆ, ಅಷ್ಟೇ. ಸುತ್ತು ಎಳೆದೋನು ನಾನು. ಅವತ್ತು ನಕ್ಷೆ ಮೇಲೆ ಸುತ್ತು ಎಳೆದೋನೂ ನಾನೇ."

"ಹಕ್ಕಿ ಕೂಗ್ತಾನೇ ಇತ್ತು."

"ಹೂಂ. ಇಬ್ಬರಿಗೂ ಕೇಳಿಸ್ತು."

ಟಿಟ್ಟಿಭ ಈಗ ಚೀರುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ ಇಳಿದು, ಹತ್ತು ಹೆಜ್ಜೆ ಈ ಕಡೆ ಓಡಿಬಂದು ನಿಲ್ಲುತ್ತಿತ್ತು. ಮತ್ತೆ ಆ ಕಡೆ ಓಡುತ್ತಿತ್ತು. ಪಶುಪತಿಗೆ ಅದನ್ನು ನೋಡಲಾಗಲಿಲ್ಲ.

"ಅವತ್ತು ಏನಾಯ್ತು, ಹೇಳಿ," ಎಂದ.

"ಒಂದು ಸೇತುವೆ ಒಡೀಬೇಕಿತ್ತು. ನಾನು ದಾರಿ ಹೇಳ್ದೆ, ನಿಮ್ಮಪ್ಪ ಗುರಿ ಹಿಡಿದ. ಎರಡು ದಿನ ಬಿಟ್ಟು ಫೋಟೋ ಬಂತು. ಅವತ್ತು ಸಂತೆ. ಸೇತುವೆ ತುಂಬಾ ಜನ ಇದ್ರು. ತಲೆ ಮೇಲೆ ಬುಟ್ಟಿ ಹೊತ್ತೋರು, ಮಕ್ಕಳನ್ನ ಎತ್ಕೊಂಡೋರು. ಆ ಫೋಟೋ ನೋಡಿದ ಮೇಲೆ ಅವನು ಯಾರಿಗೂ ಮುಖ ಕೊಟ್ಟು ಮಾತಾಡ್ಲಿಲ್ಲ."

"ಅದು ಆಮೇಲಿಂದು. ಬಾಂಬ್ ಬಿಟ್ಟಾಗ? ಆಗ ಅತ್ತಿದ್ರಾ? ಅದೊಂದು ಹೇಳಿಬಿಡಿ, ಸಾಕು. ಇನ್ನೇನೂ ಕೇಳಲ್ಲ."

"ನಾನು ಅವನ ಬೆನ್ನ ಹಿಂದೆ ಕೂರ್ತಿದ್ದೋನು. ಕಿವಿಗೆ ಹಾಕ್ಕೊಂಡಿದ್ದರಲ್ಲಿ ದನಿ ಕೇಳ್ತಿತ್ತು, ಅಷ್ಟೇ."

"ದನಿ ಹೇಗಿತ್ತು?"

"ಕೂಗಿದ."

"ಏನಂತ?"

"ಬಿತ್ತು ಅಂತ. ಎರಡು ಸಲ."

ಪಶುಪತಿ ಹರಳಿನ ಮೇಲೇ ಕುಸಿದು ಕೂತ. ಅಮ್ಮ ಹೇಳುತ್ತಿದ್ದ ಅಪ್ಪ ಇನ್ನು ಇರಲಿಲ್ಲ. ಅವನು ಕೈಯೊಡ್ಡಿ ಬೇಡುವವನ ಹಾಗೆ ಕೇಳಿದ.

"ಆದ್ರೂ ಮುಖ... ಮುಖದಲ್ಲಿ ಸಂಕಟ ಇದ್ದಿರಬಹುದು ಅಲ್ವಾ ಗುರುಗಳೇ?"

ಗುರುಗಳು ಪೊರೆಗಟ್ಟಿದ ಕಣ್ಣುಗಳನ್ನು ಅವನ ಕಡೆ ತಿರುಗಿಸಿದರು.

"ಅವನ ಮುಖ ನಾನು ಕಂಡಿಲ್ಲ. ಈಗ ಮೇಲೆ ಮಲಗಿದ್ದಾಗ ನಿಂದು ಹೇಗಿತ್ತು, ಹೇಳು."